ಬಾನಿನ ಬೆಳಕಿಗೂ ಪಂಚನಾಮೆ ಬೇಕು

ಮುಧೋಳದ ಬಯಲಿನಲ್ಲಿ ರಾತ್ರಿಯ ಆಕಾಶವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವವರು ಯಾರು? ಖಗೋಲಶಾಸ್ತ್ರದ ಪಂಡಿತರಲ್ಲ, ಕಬ್ಬಿಗೆ ನೀರು ಹಾಯಿಸುವ ರೈತರು. ಪಂಪಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಿತೆಂದರೆ ರೈತನು ಸಲಿಕೆಯನ್ನು ಹೆಗಲಿಗೇರಿಸಿ ಘಟಪ್ರಭೆಯ ದಂಡೆಯ ಹೊಲದಲ್ಲಿ ಬೆಳಗಿನವರೆಗೆ ಎಚ್ಚರದಿಂದಿರಬೇಕಾಗುತ್ತದೆ. ಮಿಕ್ಕ ನಾವೆಲ್ಲರೂ ದೀಪವಾರಿಸಿ ಮಲಗಿರುವಾಗ ಅವನ ತಲೆಯ ಮೇಲೆ ನಕ್ಷತ್ರಮಂಡಲವು ಮೂಡಿ, ನೆತ್ತಿಗೇರಿ, ಪಡುವಣಕ್ಕೆ ಇಳಿಯುತ್ತಿರುತ್ತದೆ. ಇಂಥ ರೈತನೊಬ್ಬನು ಒಂದು ಮುಂಜಾನೆ ಊರಿಗೆ ಬಂದು, ತಾನೆಂದೂ ಕಂಡರಿಯದ ಬೆಳಕೊಂದು ರಾತ್ರಿ ಬಾನಿನಲ್ಲಿ ಹಾದುಹೋಯಿತೆಂದು ಹೇಳಿದನೆನ್ನೋಣ. ಅವನಿಗೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಒಂದು ಗುಂಪು ಅದು ಅನ್ಯಗ್ರಹದವರ ವಿಮಾನವೇ ಸರಿಯೆಂದು ನಿರ್ಣಯಿಸಿ, ಮಧ್ಯಾಹ್ನದೊಳಗಾಗಿ ಆ ಬಾತಮಿಯನ್ನು ಮೊಬೈಲಿನಲ್ಲಿ ಹತ್ತೂರಿಗೆ ಮುಟ್ಟಿಸುತ್ತದೆ. ಇನ್ನೊಂದು ಗುಂಪು ನಿದ್ದೆಗಣ್ಣಿನ ಭ್ರಮೆಯೆಂದು ನಕ್ಕು ಮುಂದೆ ಸಾಗುತ್ತದೆ. ಎಷ್ಟು ಗಂಟೆಗೆ ಕಂಡಿತು, ಯಾವ ದಿಕ್ಕಿನಲ್ಲಿ ಕಂಡಿತು, ಎಷ್ಟು ಹೊತ್ತು ಕಂಡಿತು ಎಂಬ ಮೂರು ಪ್ರಶ್ನೆಗಳನ್ನು ಈ ಎರಡು ಗುಂಪಿನವರಲ್ಲಿ ಯಾರೊಬ್ಬರೂ ಕೇಳುವುದಿಲ್ಲ. ಕೇಳದಿರುವ ಈ ಮೂರು ಪ್ರಶ್ನೆಗಳ ಕುರಿತಾಗಿಯೇ ನಾವು ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಹಾರುವ ತಟ್ಟೆಗಳ ಕಥೆಯು ಜಗತ್ತಿನಲ್ಲಿ ಹಬ್ಬಿದ ಬಗೆಯನ್ನು ವಾಚಕರು ಮೊದಲು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನಮ್ಮ ದೇಶವು ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದಾಗ, ಎಂದರೆ 1947ರ ಜೂನ್ 24ರಂದು, ಅಮೇರಿಕೆಯಲ್ಲಿ ಕೆನೆತ್ ಆರ್ನಲ್ಡ್ ಎಂಬ ವೈಮಾನಿಕನು ರೇನಿಯರ್ ಪರ್ವತದ ಬಳಿಯಲ್ಲಿ ಒಂಬತ್ತು ಹೊಳೆಯುವ ವಸ್ತುಗಳು ಅತಿವೇಗದಿಂದ ಸಾಲಾಗಿ ಹಾರಿದುದನ್ನು ಕಂಡನು. ಪತ್ರಿಕೆಗಳು ಅವುಗಳಿಗೆ 'ಹಾರುವ ತಟ್ಟೆ'ಯೆಂದು ಹೆಸರಿಟ್ಟವು. ಹೆಸರು ಹುಟ್ಟಿದ ಕೂಡಲೇ ಕಾಣುವವರ ಸಂಖ್ಯೆಯೂ ಬೆಳೆಯಿತು. ಆ ದೇಶದ ವಾಯುಸೇನೆಯು 1947ರಿಂದ 1969ರ ವರೆಗೆ ಇಂಥ 12,618 ಹೇಳಿಕೆಗಳನ್ನು ಕೂಡಿಹಾಕಿ ವಿಚಾರಣೆ ನಡೆಸಿತು. ಅವುಗಳಲ್ಲಿ ಬಹುಭಾಗವು ಗ್ರಹ, ಉಲ್ಕೆ, ವಿಮಾನ, ಬಲೂನು ಮೊದಲಾದುವೆಂದು ಗೊತ್ತಾಯಿತು. 701 ಮಾತ್ರ ಗುರುತು ಹತ್ತದೆ ಉಳಿದವು. ಅಲ್ಲಿಯ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ನೇಮಿಸಿದ ಪಂಡಿತರ ಮಂಡಲಿಯು 2023ರ ಸಪ್ಟಂಬರದಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಇಂಥ ದೃಶ್ಯಗಳು ಪರಲೋಕದಿಂದ ಬಂದುವೆಂಬುದಕ್ಕೆ ಪುರಾವೆಯಿಲ್ಲವೆಂದೂ, ಆದರೆ ದೊರೆತಿರುವ ಮಾಹಿತಿಯು ಬಹುಮಟ್ಟಿಗೆ ಅಪೂರ್ಣವಾಗಿರುವುದರಿಂದ ಇನ್ನು ಮುಂದಾದರೂ ಶಾಸ್ತ್ರೀಯ ರೀತಿಯಿಂದ ಅದನ್ನು ಸಂಗ್ರಹಿಸಬೇಕೆಂದೂ ಅದರ ತಾತ್ಪರ್ಯ.

ಹಾಗಾದರೆ ಆ 701 ಏನು? ಇಲ್ಲಿಯೇ ಜನರು ಎಡವುತ್ತಾರೆ. ಗುರುತು ಹತ್ತಲಿಲ್ಲವೆಂಬುದು ನಮ್ಮ ತಿಳಿವಳಿಕೆಯ ಕೊರತೆಯನ್ನು ಹೇಳುವ ಮಾತು. ಆ ವಸ್ತುವಿನ ಸ್ವಭಾವವನ್ನು ಹೇಳುವ ಮಾತಲ್ಲ. ಮನೆಯಲ್ಲಿ ಕಳವಾದರೆ ಪೋಲೀಸರು ಬಂದು ಪಂಚನಾಮೆ ಮಾಡುತ್ತಾರೆ. ಮುರಿದ ಕೀಲಿಯನ್ನು, ತೆರೆದ ಕಿಟಕಿಯನ್ನು, ಅಂಗಳದಲ್ಲಿಯ ಹೆಜ್ಜೆಗಳನ್ನು ಪಂಚರ ಸಮಕ್ಷಮದಲ್ಲಿ ಬರೆದುಕೊಳ್ಳುತ್ತಾರೆ. ಕಳ್ಳನು ಸಿಗದೆಹೋದರೆ 'ಕಳ್ಳನ ಪತ್ತೆಯಾಗಲಿಲ್ಲ'ವೆಂದು ಷರಾ ಬರೆಯುವರೇ ಹೊರತು, ಭೂತವು ಕದ್ದೊಯ್ದಿತೆಂದು ಯಾವ ಫೌಜದಾರನೂ ಬರೆಯಲಾರನು. ಅದೇ ಮೇರೆಗೆ, ಕಳ್ಳನು ಸಿಗಲಿಲ್ಲವೆಂದು ಕಳವೇ ಆಗಿಲ್ಲವೆಂದೂ ಬರೆಯುವಂತಿಲ್ಲ. ಬಾನಿನಲ್ಲಿ ಕಂಡ ಬೆಳಕಿಗೂ ಇದೇ ನ್ಯಾಯವು ಸಲ್ಲಬೇಕೆಂದು ನಮ್ಮ ಅಭಿಪ್ರಾಯ.

ಇದಕ್ಕೆ ನಮ್ಮ ದೇಶದ ಗಡಿಯಲ್ಲಿಯೇ ನಡೆದ ಒಂದು ಉದಾಹರಣೆಯುಂಟು. ಅದರ ನಿರ್ಣಯದಲ್ಲಿ ಕರ್ನಾಟಕದ ಸಂಸ್ಥೆಯೊಂದರ ಕೈಯಿರುವುದರಿಂದ ಅದು ನಮಗೆ ಮತ್ತಷ್ಟು ಸಮೀಪದ್ದಾಗಿದೆ. 2012ರ ಆಗಸ್ಟದಿಂದ ಮುಂದಿನ ವರ್ಷದ ಫೆಬ್ರುವರಿಯವರೆಗೆ ಲಡಾಖದ ಪಾಂಗಾಂಗ್ ಸರೋವರದ ಸೀಮೆಯಲ್ಲಿ ಕಾವಲಿದ್ದ ನಮ್ಮ ಸೈನಿಕರಿಗೆ ಆಕಾಶದಲ್ಲಿ ಪ್ರಕಾಶಮಾನವಾದ ವಸ್ತುಗಳು ಪುನಃ ಪುನಃ ಕಂಡವು. ಗಡಿಯಾಚೆಯಿಂದ ಬಂದ ಬೇಹುಗಾರಿಕೆಯ ಯಂತ್ರಗಳಿರಬಹುದೆಂದು ಸಂಶಯವುಂಟಾಯಿತು. ಇಂಥ 329 ದರ್ಶನಗಳನ್ನು ಸೈನಿಕರು ದಾಖಲೆ ಮಾಡಿದ್ದರೆಂದೂ, ಅವುಗಳಲ್ಲಿ 155 ಸಲ ಗಡಿಯ ರೇಖೆಯನ್ನು ದಾಟಿದಂತೆ ತೋರಿತ್ತೆಂದೂ 2013ರಲ್ಲಿ ಪತ್ರಿಕೆಗಳು ಪ್ರಕಟಿಸಿದವು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತಶಾಸ್ತ್ರ ಸಂಸ್ಥೆಯ ಪಂಡಿತರನ್ನು ಕೇಳಲಾಯಿತು. ಲಡಾಖದ ಹಾನ್ಲೆಯಲ್ಲಿ 4,500 ಮೀಟರು ಎತ್ತರದ ಮೇಲೆ ಈ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿಯ ಎರಡು ಮೀಟರು ಕನ್ನಡಿಯ ದೂರದರ್ಶಕವನ್ನು ಉಪಗ್ರಹದ ಸಂಪರ್ಕದಿಂದ ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ. ಕಂಡ ವೇಳೆಯನ್ನೂ ದಿಕ್ಕನ್ನೂ ಗ್ರಹನಕ್ಷತ್ರಗಳ ಚಲನೆಯೊಡನೆ ಹೋಲಿಸಿನೋಡಿದ ಅವರು ಕೊಟ್ಟ ತೀರ್ಪು ಇಷ್ಟೇ: ಒಂದು ಗುರುಗ್ರಹ, ಇನ್ನೊಂದು ಶುಕ್ರಗ್ರಹ.

ಶುಕ್ರನೆಂದರೆ ಬೆಳ್ಳಿಚಿಕ್ಕಿ! ನಮ್ಮ ಸೀಮೆಯಲ್ಲಿ ಬೆಳ್ಳಿಚಿಕ್ಕಿ ಮೂಡಿತೆಂದರೆ ಎತ್ತುಗಳಿಗೆ ಮೇವು ಹಾಕುವ ಹೊತ್ತಾಯಿತೆಂದು ಗಡಿಯಾರವಿಲ್ಲದ ಮನೆಯವರೂ ತಿಳಿಯುತ್ತಿದ್ದರು. ಅದನ್ನೇ ಕಂಡು ಶಸ್ತ್ರಸಜ್ಜಿತ ಸೈನಿಕರು ಮೋಸಹೋದರೆಂದು ವಾಚಕರಲ್ಲಿ ಕೆಲವರಿಗೆ ನಗೆ ಬರಬಹುದು. ಆದರೆ ನಗುವುದು ನ್ಯಾಯವಲ್ಲ. ನಾಲ್ಕು ಸಾವಿರ ಮೀಟರಿಗೂ ಮೇಲಿನ ತಿಳಿಯಾದ ಗಾಳಿಯಲ್ಲಿ ಗ್ರಹಗಳು ನಮ್ಮ ಬಯಲಿನಲ್ಲಿ ಕಾಣುವುದಕ್ಕಿಂತ ಎಷ್ಟೋ ಪಾಲು ಪ್ರಖರವಾಗಿ ಕಾಣುತ್ತವೆ. ಶತ್ರುವಿನ ನಿರೀಕ್ಷೆಯಲ್ಲಿರುವ ಕಣ್ಣಿಗೆ ಬೆಟ್ಟದಂಚಿನ ಪ್ರತಿಯೊಂದು ಬೆಳಕೂ ಶತ್ರುವಿನದಾಗಿಯೇ ತೋರುವುದು ಮನುಷ್ಯಸ್ವಭಾವ. ಮುಖ್ಯವಾದ ಮಾತೆಂದರೆ, ಅವರು ಕಂಡುದನ್ನು ಬರೆದಿಟ್ಟಿದ್ದರು. ಒಂದಲ್ಲ, ಎರಡಲ್ಲ, 329 ಸಲ ಬರೆದಿಟ್ಟಿದ್ದರು. ಆ ದಾಖಲೆಯಿದ್ದುದರಿಂದಲೇ ಪಂಡಿತರಿಗೆ ತೀರ್ಪು ಹೇಳುವುದು ಸಾಧ್ಯವಾಯಿತು. ಬರೆದಿಡದೆ ಬರಿಯ ಬಾಯಮಾತಾಗಿ ಹಬ್ಬಿಸಿದ್ದರೆ ಆ ಎರಡು ಗ್ರಹಗಳು ಇಂದಿಗೂ ಶತ್ರುವಿನ ಯಂತ್ರಗಳಾಗಿಯೇ ಉಳಿಯುತ್ತಿದ್ದವು. ಎರಡು ರಾಷ್ಟ್ರಗಳ ನಡುವಿನ ಗಡಿಯಲ್ಲಿ ಅಂಥ ತಪ್ಪು ತಿಳಿವಳಿಕೆಯಿಂದ ಏನು ಅನರ್ಥವಾಗಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಹಗಳ ಮಾತು ಹಾಗಿರಲಿ. ಮನುಷ್ಯನೇ ಹಾರಿಬಿಟ್ಟು, ಹಳ್ಳಿಯ ಜನರಿಗೆ ಮಾತ್ರ ಗೊತ್ತಿಲ್ಲದ ವಸ್ತುಗಳೂ ನಮ್ಮ ಬಾನಿನಲ್ಲಿವೆ. 2025ರ ಜನೇವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಒಂದು ಮುಂಜಾನೆ ಆಕಾಶದಿಂದ ಭಾರಿ ಬಲೂನೊಂದು ಯಂತ್ರಸಮೇತವಾಗಿ ಮನೆಯ ಮೇಲೆ ಬಂದು ಬಿದ್ದಿತು. ಊರ ಜನರು ಗಾಬರಿಗೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಚಾರಿಸಲಾಗಿ ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೈದರಾಬಾದಿನ ತನ್ನ ಕೇಂದ್ರದಿಂದ ಹಾರಿಸಿದ ಸಂಶೋಧನೆಯ ಬಲೂನೆಂದು ತಿಳಿಯಿತು. ಅದರೊಡನೆ ಕನ್ನಡದಲ್ಲಿ ಬರೆದ ಪತ್ರವೊಂದೂ ಇದ್ದಿತು. ಈ ಕೊನೆಯ ಸಂಗತಿಯು ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯಿತು. ಜಲಸಂಗಿಯೆಂದರೆ ಚಾಲುಕ್ಯರ ಕಾಲದ ದೇವಾಲಯದ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿರುವ ಊರು. ಬರೆದಿಡುವುದೇ ಸಾಕ್ಷಿಯೆಂಬುದನ್ನು ಕಲ್ಲಿನಲ್ಲಿ ಕೊರೆದು ತೋರಿಸಿದ ಆ ಊರಿನಲ್ಲಿಯೇ, ಆಕಾಶದಿಂದ ಬಿದ್ದ ವಸ್ತುವಿನ ಒಗಟನ್ನು ಬಿಡಿಸಲು ಕನ್ನಡದ ಬರಹವೊಂದು ನೆರವಾಯಿತೆಂಬುದು ಸಂತೋಷದ ಮಾತಲ್ಲವೇ?

ಈ ಬಲೂನುಗಳು ಎಂಥವೆಂಬುದನ್ನು ನಮ್ಮ ಜನರು ಅರಿತಿರುವುದು ಅವಶ್ಯ. ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಮಾಡಿ, ಜಲಜನಕ ವಾಯುವನ್ನು ತುಂಬಿ, 50ರಿಂದ 85 ಮೀಟರು ಅಡ್ಡಳತೆಯ ಇವುಗಳನ್ನು 30ರಿಂದ 42 ಕಿಲೋಮೀಟರು ಎತ್ತರದವರೆಗೆ ಕಳಿಸುತ್ತಾರೆ. ಕೆಲಸವು ಮುಗಿದ ಮೇಲೆ ಯಂತ್ರಗಳು ದೊಡ್ಡ ಬಣ್ಣದ ಪ್ಯಾರಾಶೂಟಿನಿಂದ ನೆಲಕ್ಕೆ ಇಳಿಯುತ್ತವೆ. ಇಂಥ ಬಲೂನೊಂದು ಸೊಲ್ಲಾಪುರದ ಮೇಲೆ 35 ಕಿಲೋಮೀಟರು ಎತ್ತರದಲ್ಲಿ ತೇಲುತ್ತಿದೆಯೆನ್ನೋಣ. ಮುಧೋಳದಲ್ಲಿ ನಿಂತವನಿಗೆ ಅದು ಉತ್ತರಕ್ಕೂ ಈಶಾನ್ಯಕ್ಕೂ ನಡುವೆ, ದಿಗಂತದಿಂದ ಸುಮಾರು ಒಂದು ಮುಷ್ಟಿಯಷ್ಟು ಮೇಲೆ ಕಾಣಬೇಕು. ನೆಲದ ಮೇಲೆ ಹೊತ್ತು ಮುಳುಗಿ ಇಪ್ಪತ್ತು ಮಿನಿಟು ಕಳೆದರೂ ಅಷ್ಟು ಎತ್ತರದಲ್ಲಿ ಸೂರ್ಯನ ಕಿರಣಗಳು ಇನ್ನೂ ತಾಕುತ್ತಿರುವುದರಿಂದ, ಕತ್ತಲಾಗುತ್ತಿರುವ ಬಾನಿನಲ್ಲಿ ಅದೊಂದೇ ಬೆಳ್ಳಿಯ ಹನಿಯಂತೆ ನಿಂತು ಹೊಳೆದೀತು. ಆಮೇಲೆ ಯಾರೋ ದೀಪ ಆರಿಸಿದಂತೆ ಮಾಯವಾದೀತು. ಕಾರಣವನ್ನು ಅರಿಯದವನಿಗೆ ಇದಕ್ಕಿಂತ ದೊಡ್ಡ ಅದ್ಭುತವು ಬೇಕೇ?

ಉಪಗ್ರಹಗಳ ಕಥೆಯೂ ಹೀಗೆಯೇ. 2019ರ ಮೇ ತಿಂಗಳಿನಿಂದ ಅಮೇರಿಕೆಯ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಒಂದೊಂದು ಸಲಕ್ಕೆ ಹತ್ತಾರರಂತೆ ಗುಂಪುಗುಂಪಾಗಿ ಬಿಡುತ್ತ ಬಂದಿದ್ದಾರೆ. ಬಿಟ್ಟ ಹೊಸತರಲ್ಲಿ ಅವು ಮಣಿಸರದಂತೆ ಸಾಲಾಗಿ ಸಂಜೆಯ ಇಲ್ಲವೆ ನಸುಕಿನ ಬಾನಿನಲ್ಲಿ ಹಾಯುತ್ತವೆ. 500 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ನಮ್ಮ ಸೂರ್ಯಾಸ್ತವಾಗಿ ಒಂದೂವರೆ ತಾಸಿನವರೆಗೂ ಬಿಸಿಲು ಸಿಗುವುದರಿಂದ ಆ ವೇಳೆಯಲ್ಲಿ ಅವು ನೆತ್ತಿಯ ಮೇಲೂ ಹೊಳೆಯಬಲ್ಲವು. ನಡುರಾತ್ರಿಯಲ್ಲಿ ಭೂಮಿಯ ನೆರಳು ಅವುಗಳನ್ನು ನುಂಗಿರುತ್ತದೆ. ಕಂಡ ವೇಳೆಯೊಂದನ್ನು ಸರಿಯಾಗಿ ಬರೆದರೂ ಎಷ್ಟು ಸಂಶಯಗಳು ಅಲ್ಲಿಂದಲ್ಲಿಗೇ ತೀರುತ್ತವೆಂಬುದಕ್ಕೆ ಇದು ನಿದರ್ಶನ. ಇನ್ನು 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಬಾನಿನಲ್ಲಿ ಬೆಂಕಿಯ ಗೆರೆಗಳು ಹರಿದವು. ಚಂದ್ರಪುರ ಜಿಲ್ಲೆಯ ಲಾಡಬೋರಿಯಲ್ಲಿ ಸುಮಾರು ಮೂರು ಮೀಟರು ಅಗಲದ ಲೋಹದ ಬಳೆಯೊಂದು ಬಂದು ಬಿದ್ದಿತು. ಆ ವೇಳೆಗೆ ಭೂಮಿಗೆ ಮರಳುತ್ತಿದ್ದ ಚೀನಾದ ರಾಕೆಟ್ಟಿನ ಅವಶೇಷವೇ ಅದಾಗಿರಬೇಕೆಂದು ತಿಳಿದವರು ಹೇಳಿದರು. ಅಲ್ಲಿ ಕಂಡವರ ಕಣ್ಣು ಮೋಸಹೋಗಿರಲಿಲ್ಲ. ಕಂಡುದು ನಿಜ, ಬಿದ್ದುದೂ ನಿಜ. ಹೆಸರೊಂದು ಮಾತ್ರ ಗೊತ್ತಿರಲಿಲ್ಲ.

ಇಷ್ಟನ್ನು ಓದಿ, ಎಲ್ಲವೂ ಪಾಮರರ ತಪ್ಪು, ಪಂಡಿತರದೆಲ್ಲ ಸರಿಯೆಂದು ಯಾರಾದರೂ ಭಾವಿಸಿದರೆ ಅದೂ ತಪ್ಪಾಗುವುದು. ಪಂಡಿತರು ನಗಬಾರದ ಕಡೆಯಲ್ಲಿ ನಕ್ಕು ನಾಚಿಕೊಂಡ ಪ್ರಸಂಗವೂ ಇತಿಹಾಸದಲ್ಲಿದೆ. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬ ಹಳ್ಳಿಯಲ್ಲಿ ಆಕಾಶದಿಂದ ಕಲ್ಲು ಬಿದ್ದಿತೆಂದು ಹೊಲದಲ್ಲಿ ಕೆಲಸಮಾಡುತ್ತಿದ್ದವರು ಹೇಳಿದರು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸಮಿತಿಯು, ಅದರಲ್ಲಿ ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಜಿಯೇನೂ ಇದ್ದನು, ಕಲ್ಲು ಮೇಲಿನಿಂದ ಬಿದ್ದುದಲ್ಲ, ನೆಲದಲ್ಲಿದ್ದ ಕಲ್ಲಿಗೆ ಸಿಡಿಲು ಬಡಿದಿದೆಯೆಂದು ತೀರ್ಪಿತ್ತಿತು. ಮುಂದೆ 1803ರ ಏಪ್ರಿಲ್ 26ರಂದು ಅದೇ ದೇಶದ ಲೇಗ್ಲ್ ಎಂಬ ಊರಿನ ಸುತ್ತಲೂ ಸಾವಿರಾರು ಕಲ್ಲುಗಳು ಸುರಿದವು. ಸರಕಾರವು ಬಿಯೋ ಎಂಬ ತರುಣ ವಿದ್ವಾಂಸನನ್ನು ವಿಚಾರಣೆಗೆ ಕಳಿಸಿತು. ಅವನು ಹಳ್ಳಿಹಳ್ಳಿಗೂ ನಡೆದು ಒಬ್ಬೊಬ್ಬರ ಹೇಳಿಕೆಯನ್ನೂ ಬೇರೆಬೇರೆಯಾಗಿ ಬರೆದುಕೊಂಡನು. ಕಲ್ಲು ಬಿದ್ದ ಸ್ಥಳಗಳ ನಕಾಶೆಯನ್ನು ಮಾಡಿದನು. ಒಬ್ಬರನ್ನೊಬ್ಬರು ಅರಿಯದ ಜನರು ಒಂದೇ ಮಾತನ್ನು ಹೇಳಿದುದನ್ನೂ, ಅಂಥ ಕಲ್ಲು ಆ ಸೀಮೆಯಲ್ಲಿ ಮೊದಲಿರಲಿಲ್ಲವೆಂಬುದನ್ನೂ ತೋರಿಸಿದನು. ಅಂದಿನಿಂದ ಆಕಾಶದಿಂದ ಕಲ್ಲು ಬೀಳುತ್ತದೆಂಬುದು ಶಾಸ್ತ್ರಸಮ್ಮತವಾಯಿತು. ಒಕ್ಕಲಿಗರು ಹೇಳಿದುದೇ ನಿಜವಾಗಿತ್ತು. ಅದನ್ನು ಅರಿಯಲು ಅಕಾಡೆಮಿಗೆ ಮೂವತ್ತು ವರುಷಗಳ ಮೇಲೆ ಹಿಡಿಯಿತು.

ನಮ್ಮ ನಾಡಿಗೂ ಇಂಥ ಅತಿಥಿಗಳು ಬಂದುಂಟು. 1848ರ ಫೆಬ್ರುವರಿ 15ರಂದು ಈಗಿನ ಹಾವೇರಿ ಜಿಲ್ಲೆಯ ನೆಗಳೂರಿನಲ್ಲಿ ಬಿದ್ದ ಉಲ್ಕಾಶಿಲೆಯು ಜಗತ್ತಿನ ಪಟ್ಟಿಯಲ್ಲಿ 'ಧಾರವಾಡ'ವೆಂಬ ಹೆಸರಿನಿಂದ ನಮೂದಾಗಿದೆ. 1865ರಲ್ಲಿ ಮದ್ದೂರಿನಲ್ಲಿಯೂ 1866ರಲ್ಲಿ ಉಡುಪಿಯಲ್ಲಿಯೂ ಬಿದ್ದವು ಅದೇ ಪಟ್ಟಿಯಲ್ಲಿವೆ. ಇವೆಲ್ಲವೂ ಉಳಿದುಬಂದುದು ಯಾರೋ ಕಂಡು, ಯಾರೋ ಎತ್ತಿಟ್ಟು, ಯಾರೋ ದಿನಾಂಕವನ್ನು ಬರೆದುದರಿಂದ. ಅದಕ್ಕೂ ಹಿಂದೆ ನೋಡಿದರೆ, ಕನ್ನಡದ ಶಾಸನಗಳಲ್ಲಿ ಸೂರ್ಯಗ್ರಹಣದ ದಿವಸ ದಾನವಿತ್ತ ಸಂಗತಿಯು ತಿಥಿವಾರಸಮೇತವಾಗಿ ಎಷ್ಟೋ ಕಡೆಗಳಲ್ಲಿ ಕೊರೆದಿದೆ. ಇಂದಿನ ಪಂಡಿತರು ಆ ಗ್ರಹಣಗಳನ್ನು ಗಣಿತದಿಂದ ತಾಳೆ ನೋಡಿ ಶಾಸನದ ಕಾಲವನ್ನು ಗೊತ್ತುಪಡಿಸುತ್ತಾರೆ. ರನ್ನನಂಥ ಮಹಾಕವಿಯನ್ನು ಹೆತ್ತ ಮುಧೋಳದ ನೆಲಕ್ಕೆ ಕಂಡುದನ್ನು ನುಡಿಯಲ್ಲಿ ನಿಲ್ಲಿಸುವ ವಿದ್ಯೆಯು ಹೊಸದೇನೂ ಅಲ್ಲ.

ಹಾಗಾದರೆ ಏನನ್ನು ಬರೆಯಬೇಕು? ಇದು ಕಷ್ಟದ ಕೆಲಸವಲ್ಲ. ಮೊದಲು, ಕಂಡ ತಾರೀಖು, ತೊಡಗಿದ ವೇಳೆ, ಮುಗಿದ ವೇಳೆ. ಎರಡನೆಯದು, ಯಾವ ದಿಕ್ಕಿನಲ್ಲಿ ಹುಟ್ಟಿ ಯಾವ ದಿಕ್ಕಿಗೆ ಹೋಯಿತೆಂಬುದು. ಮೂರನೆಯದು, ದಿಗಂತದಿಂದ ಎಷ್ಟು ಎತ್ತರವೆಂಬುದು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲವು ಸುಮಾರು ಹತ್ತು ಅಂಶಗಳಾಗುತ್ತದೆ. ದಿಗಂತದಿಂದ ನೆತ್ತಿಯವರೆಗೆ ಒಂಬತ್ತು ಮುಷ್ಟಿ. ನಾಲ್ಕನೆಯದು, ಸಪ್ಪಳವಿತ್ತೋ ಇಲ್ಲವೋ, ಮೋಡವಿತ್ತೋ ಇಲ್ಲವೋ ಎಂಬುದು. ಚಿತ್ರ ತೆಗೆಯುವವರು ಗಿಡವನ್ನೋ ಗುಡಿಯ ಶಿಖರವನ್ನೋ ಚೌಕಟ್ಟಿನೊಳಗೆ ಸೇರಿಸಿಕೊಂಡೇ ತೆಗೆಯಬೇಕು. ಕರಿಯ ಬಾನಿನಲ್ಲಿ ನಡುಗುವ ಬಿಳಿಯ ಚುಕ್ಕೆಯೊಂದೇ ಇದ್ದರೆ ಕುಣಿದದ್ದು ಬೆಳಕೋ ಹಿಡಿದವನ ಕೈಯೋ ಎಂದು ಹೇಳಲು ಬಾರದು. ಬಹು ಮುಖ್ಯವಾದುದು, ಕಂಡುದನ್ನು ಮತ್ತೊಬ್ಬರೊಡನೆ ಚರ್ಚಿಸುವ ಮೊದಲೇ ಬರೆದಿಡಬೇಕು. ನಾಲ್ಕು ಜನರ ಬಾಯಿಗೆ ಬಿದ್ದ ಮೇಲೆ ಸಾಕ್ಷಿಯು ಸಾಕ್ಷಿಯಾಗಿ ಉಳಿಯುವುದಿಲ್ಲ.

ಎರಡು ಊರುಗಳವರು ಹೀಗೆ ಬರೆದಿಟ್ಟರೆ ಎಂಥ ಶಕ್ತಿ ಬರುತ್ತದೆಂಬುದನ್ನು ನೋಡಿರಿ. ಜಮಖಂಡಿಯು ಮುಧೋಳದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ನೇರ ದೂರದಲ್ಲಿದೆ. ಒಂದೇ ವೇಳೆಯಲ್ಲಿ ಬೆಳಕೊಂದು ಮುಧೋಳದವರಿಗೆ ನೆತ್ತಿಯ ಮೇಲೂ, ಜಮಖಂಡಿಯವರಿಗೆ ದಕ್ಷಿಣದಲ್ಲಿ ನಾಲ್ಕೂವರೆ ಮುಷ್ಟಿ ಎತ್ತರದಲ್ಲಿಯೂ ಕಂಡಿದ್ದರೆ, ಅದರ ಎತ್ತರವೂ ಸುಮಾರು 20 ಕಿಲೋಮೀಟರೇ ಎಂದು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲನು. ಜಮಖಂಡಿಯವರಿಗೆ ಅದು ಕಾಣಲೇ ಇಲ್ಲವೆಂದರೆ ಬಹಳ ಕೆಳಗಿನ ವಸ್ತು. ಯಾರೋ ಹಾರಿಬಿಟ್ಟ ಕಾಗದದ ಆಕಾಶಬುಟ್ಟಿಯೋ ಹೊಲಕ್ಕೆ ಔಷಧ ಸಿಂಪಡಿಸುವ ಡ್ರೋಣೋ ಇದ್ದೀತು. ಎರಡೂ ಊರುಗಳಲ್ಲಿ ಒಂದೇ ನಕ್ಷತ್ರದ ಪಕ್ಕದಲ್ಲಿ ಕಂಡಿತೆಂದರೆ ಅತಿ ದೂರದ ಗ್ರಹವೇ ಸರಿ. ಯಾವ ಬೆಲೆಬಾಳುವ ಯಂತ್ರವೂ ಇಲ್ಲದೆ, ಇಬ್ಬರು ಪ್ರಾಮಾಣಿಕ ರೈತರ ಮುಷ್ಟಿಗಳಿಂದ ಇಷ್ಟು ತಿಳಿಯುತ್ತದೆ.

ಬರೆದುದನ್ನು ಓದಿ ಉತ್ತರ ಹೇಳುವವರು ಯಾರು ಎಂಬುದು ಇನ್ನುಳಿದ ಪ್ರಶ್ನೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯು 1977ರಿಂದ ಇದಕ್ಕೆಂದೇ ಒಂದು ಶಾಖೆಯನ್ನು ಇಟ್ಟುಕೊಂಡಿದೆ. ಕಂಡವರು ಪೋಲೀಸರಲ್ಲಿ ಹೇಳಿಕೆ ಕೊಟ್ಟರೆ ಅದು ಪಂಡಿತರ ಕೈಗೆ ಮುಟ್ಟುತ್ತದೆ. ಪಂಡಿತರ ತೀರ್ಪು, ತೀರ್ಪಾಗದಿದ್ದರೆ ಆ ಸಂಗತಿಯೂ, ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಒಂದು ಕಾಲಕ್ಕೆ ಲೂಸೆಯ ಒಕ್ಕಲಿಗರನ್ನು ನಂಬದ ದೇಶವು ಇಷ್ಟು ಕಲಿತಿದೆ. ಬಾಹ್ಯಾಕಾಶ ಸಂಶೋಧನೆಯ ಮುಖ್ಯ ಕಚೇರಿಯೂ ಖಭೌತಶಾಸ್ತ್ರದ ಸಂಸ್ಥೆಯೂ ನಮ್ಮ ಬೆಂಗಳೂರಿನಲ್ಲಿಯೇ ಇವೆ. ಮುಧೋಳದ ಹೊಲದಿಂದ ಕನ್ನಡದಲ್ಲಿ ಬರೆದ ಒಂದು ಕಾಗದಕ್ಕೆ ಕನ್ನಡದಲ್ಲಿಯೇ ನಾಲ್ಕು ಸಾಲಿನ ಉತ್ತರ ಬರುವ ಏರ್ಪಾಡನ್ನು ಮಾಡುವುದು ಇಂಥ ನಾಡಿಗೆ ಭಾರವಾಗಲಾರದು. ಅಲ್ಲಿಯವರೆಗೆ ನಮ್ಮ ಹೈಸ್ಕೂಲು, ಕಾಲೇಜುಗಳ ವಿಜ್ಞಾನದ ಶಿಕ್ಷಕರು ಒಂದೊಂದು ದಾಖಲೆಯ ಪುಸ್ತಕವನ್ನಿಟ್ಟು, ಊರವರು ಹೇಳಿದುದನ್ನು ನಗದೆ, ನಂಬದೆ, ಬರೆದುಕೊಳ್ಳಲಿ. ಬಲೂನು ಹಾರಿಸುವವರು ಜಲಸಂಗಿಯಲ್ಲಿ ಬಿದ್ದ ಮೇಲೆ ಓದಿಸಿದ ಸೂಚನೆಯನ್ನು ಹಾರಿಸುವ ಮೊದಲೇ ದಾರಿಯ ಹಳ್ಳಿಗಳಿಗೆ ಕನ್ನಡದಲ್ಲಿ ಮುಟ್ಟಿಸಲಿ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕನ ಕರ್ತವ್ಯವೆಂದು 1976ರಲ್ಲಿ ನಮ್ಮ ಸಂವಿಧಾನದಲ್ಲಿ ಸೇರಿಸಲಾಯಿತು. ಆ ಕರ್ತವ್ಯವು ಪ್ರಯೋಗಶಾಲೆಯವರಿಗೆ ಮಾತ್ರ ಹೇಳಿದುದಲ್ಲ.

ಅನ್ಯಲೋಕದ ಜೀವಿಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಇಷ್ಟು ವಿಶಾಲವಾದ ಬ್ರಹ್ಮಾಂಡದಲ್ಲಿ ಹಾಗೆ ಹೇಳುವ ಅಧಿಕಾರವು ಯಾರಿಗೂ ಇಲ್ಲ. ಅವರು ನಮ್ಮ ಬಾನಿಗೆ ಬಂದುಹೋದರೆಂಬ ನಂಬತಕ್ಕ ಪುರಾವೆಯು ಇದುವರೆಗೆ ದೊರೆತಿಲ್ಲವೆಂದಷ್ಟೇ ಹೇಳುತ್ತಿದ್ದೇವೆ. ಎಂದಾದರೊಂದು ದಿನ ಅಂಥದು ನಿಜವಾಗಿಯೂ ಬಂದರೆ ಅದನ್ನು ಮೊದಲು ಕಾಣುವವರು, ಯಾರು ಬಲ್ಲರು, ನಡುರಾತ್ರಿಯಲ್ಲಿ ಕಬ್ಬಿಗೆ ನೀರು ಹಾಯಿಸುವವರೇ ಆಗಿರಬಹುದು. ಅಂದು ಅವರ ಮಾತನ್ನು ಜಗತ್ತು ನಂಬಬೇಕಾದರೆ, ಇಂದು ಕಂಡ ಬೆಳ್ಳಿಚಿಕ್ಕಿಯನ್ನೂ ಬಲೂನನ್ನೂ ಅವರು ವೇಳೆ, ದಿಕ್ಕು, ಎತ್ತರಗಳೊಡನೆ ಬರೆದಿಡುವ ರೂಢಿಯಾಗಬೇಕು. ಬರೆದುದನ್ನು ಓದುವವರು ನಮ್ಮಲ್ಲಿ ಸಿದ್ಧರಿರಬೇಕು.